ಮನೆಯಾಕೆಗೆ ಸಲ್ಲಬೇಕಾದ ಗೌರವ



ಕಿತ್ತೂರಿನ ರಾಣಿ ಚೆನ್ನಮ್ಮನವರ ಹೆಸರು ಕೇಳಿದೊಡನೆ ಬೆಳಗಾವಿ ಜಿಲ್ಲೆಯವರಾದ ನಮ್ಮ ಎದೆ ಉಬ್ಬುವುದು ಸಹಜ. 1824ರ ಅಕ್ಟೋಬರಿನಲ್ಲಿ ಆಂಗ್ಲರು ಕಿತ್ತೂರಿನಲ್ಲಿ ಸೋತುದನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಶಾಲಾಮಕ್ಕಳೂ ಬಲ್ಲರು. ಆದರೆ ನಿಪ್ಪಾಣಿಗೆ ಸಮೀಪದ ಕೊಲ್ಹಾಪುರದ ಆಸ್ಪತ್ರೆಗೆ ನೇಮಕಗೊಂಡಿದ್ದ ಡಾ. ಆನಂದಿಬಾಯಿ ಜೋಶಿಯವರನ್ನು ಸ್ಮರಿಸುವವರು ವಿರಳ.

1865ರಲ್ಲಿ ಜನಿಸಿದ ಇವರಿಗೆ ಒಂಬತ್ತನೆಯ ವಯಸ್ಸಿಗೇ ವಿವಾಹವಾಯಿತು. ಹದಿನಾಲ್ಕರಲ್ಲಿ ಹೆತ್ತ ಗಂಡುಮಗು ತಕ್ಕ ಉಪಚಾರ ದೊರೆಯದೆ ಹತ್ತೇ ದಿನ ಬದುಕಿತು. ಆ ದುಃಖವೇ ಅವರನ್ನು ವೈದ್ಯಶಿಕ್ಷಣಕ್ಕಾಗಿ ಅಮೆರಿಕೆಗೆ ಕರೆದೊಯ್ದಿತು. 1886ರಲ್ಲಿ ಪದವಿ ಪಡೆದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗ ಅವರಿಗಾಗಿ ಕಾದಿತ್ತು, ಕ್ಷಯರೋಗ ಬಿಡಲಿಲ್ಲ. 1887ರ ಫೆಬ್ರವರಿ 26ರಂದು ಕಾಲವಾದಾಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ.

ಇಂತಹವರನ್ನು ನೆನೆಯುವ ನಾವು ಮನೆಯಲ್ಲಿರುವ ಹೆಣ್ಣುಮಗಳನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಕುಬಸದ ದಿನ ಗರ್ಭಿಣಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಬೆಳಗುತ್ತೇವೆ. ಬಹಳ ಚೆಂದದ ಪದ್ಧತಿ. ಮರುದಿನ ಅದೇ ತಾಯಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಎಲ್ಲರಿಗೂ ಉಣಬಡಿಸಿ, ಉಳಿದುದನ್ನು ಉಂಡು, ಕಬ್ಬಿನ ಹೊಲಕ್ಕೋ ತಂಬಾಕಿನ ಕೆಲಸಕ್ಕೋ ಹೊರಡುತ್ತಾಳೆ. ನಿಪ್ಪಾಣಿಗೆ ಹೆಸರು ತಂದ ತಂಬಾಕು ಹೆಣ್ಣುಮಕ್ಕಳ ಕೈಯಲ್ಲೇ ಹಸನಾಗಿ ಬಂದದ್ದು. ಹಸಿ ಎಲೆಯ ನಿಕೋಟಿನ್ ವಿಷ ಚರ್ಮದ ಮೂಲಕವೇ ರಕ್ತವನ್ನು ಸೇರುತ್ತದೆ. ಒಣ ಎಲೆಯ ಧೂಳು ಉಸಿರಿನೊಡನೆ ಒಳಹೋಗುತ್ತದೆ. ಗರ್ಭಿಣಿಯನ್ನು ಈ ಕೆಲಸದಿಂದ ದೂರವಿಡಿರಿ. ಕೂಲಿ ತಪ್ಪುವುದೆಂಬುದನ್ನು ಬಲ್ಲೆ, ಆದರೂ ವೈದ್ಯನಾಗಿ ಹೇಳದೆ ಇರಲಾರೆ.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹೆರಿಗೆಯಲ್ಲಿ ತುಸು ಹೆಚ್ಚು ರಕ್ತ ಹೋದರೂ ಅಂತಹ ತಾಯಿ ತಾಳಲಾರಳು. ಆದುದರಿಂದ ನಾಲ್ಕನೆಯ ತಿಂಗಳಿನಿಂದ 180 ದಿನ, ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಚಹಾದೊಡನೆ ಬೇಡ. ಮಲ ಕಪ್ಪಾದರೆ ಅಂಜಬೇಕಾಗಿಲ್ಲ. ಮಾತ್ರೆ ನುಂಗಿದಳೇ ಎಂದು ವಿಚಾರಿಸುವ ಹೊಣೆ ಅತ್ತೆಯವರಿಗೂ ಇದೆ, ಗಂಡನಿಗಂತೂ ಇದ್ದೇ ಇದೆ. ಆಕೆಯನ್ನು ಪಂಕ್ತಿಯಲ್ಲಿ ಜೊತೆಗೇ ಕುಳ್ಳಿರಿಸಿಕೊಂಡು ಉಣ್ಣಿರಿ. ಕಾಳು, ಸೊಪ್ಪಿನ ಪಲ್ಯ ಅವಳ ತಾಟಿಗೂ ಬೀಳಲಿ.

ಇನ್ನು ಗಂಡಸರಿಗೆ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ವಿವಾಹಿತೆಯರಲ್ಲಿ ಶೇಕಡಾ 37.9ರಷ್ಟು ಮಂದಿ ತಾವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡನೇ ಮಾಡಿಸಿಕೊಂಡ ಮನೆಗಳು ಶೇಕಡಾ 0.3 ಮಾತ್ರ. ಹೆರುವವಳೂ ಅವಳೇ, ಹೊಟ್ಟೆ ಕೊಯ್ಸಿಕೊಳ್ಳುವವಳೂ ಅವಳೇ! ಮಕ್ಕಳು ಸಾಕೆಂದು ಇಬ್ಬರೂ ಒಪ್ಪಿದ್ದರೆ ಗಂಡಸರ ಶಸ್ತ್ರಚಿಕಿತ್ಸೆ ಹೆಚ್ಚು ಸುಲಭ. ಈಗಿನ ವಿಧಾನದಲ್ಲಿ ಹೊಲಿಗೆ ಇಲ್ಲ, ಅಂದೇ ಮನೆಗೆ ಮರಳಬಹುದು. ಪುರುಷತ್ವವಾಗಲಿ, ಮೈಯ ಶಕ್ತಿಯಾಗಲಿ ಕುಂದುವುದಿಲ್ಲ. ಎರಡು ದಿನ ವಿಶ್ರಾಂತಿ ಸಾಕು. ಒಂದು ವಾರ ಭಾರ ಎತ್ತುವುದು, ಸೈಕಲ್ ತುಳಿಯುವುದು ಬೇಡ. ಅನಂತರ ಮೂರು ತಿಂಗಳು ನಿರೋಧ್ ಬಳಸಿರಿ. ಬಳಿಕ ವೀರ್ಯಪರೀಕ್ಷೆಗೆ ಬನ್ನಿರಿ. ವೀರ್ಯಾಣು ಇಲ್ಲವೆಂದು ವೈದ್ಯರು ತಿಳಿಸಿದ ಮೇಲೆಯೇ ನಿರೋಧ್ ಬಿಡಬಹುದು.