ಬೈಕ್ ಟ್ಯಾಕ್ಸಿಯ ನಷ್ಟ ಯಾರ ತಲೆಗೆ?

(ಚಿಕ್ಕಬಳ್ಳಾಪುರದಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹೈಕೋರ್ಟಿನ ಆಜ್ಞೆಯಂತೆ 2025ರ ಜೂನ್ 16ರಿಂದ ಬೆಂಗಳೂರಿನಲ್ಲಿ ಬೈಕ್ ಟ್ಯಾಕ್ಸಿ ನಿಂತಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಹೋಗಿ, ಸಾಲದ ಬೈಕಿನಿಂದ ಅಲ್ಲಿ ಅನ್ನ ಕಾಣುತ್ತಿದ್ದ ಹುಡುಗರ ಗಳಿಕೆಯೂ ಅಂದೇ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಂಪನಿಗಳಿಗೂ ವರಮಾನದ ಕಷ್ಟವಿದೆಯೆಂದು ಹೇಳುತ್ತಾರೆ. ಇದೆ, ನಾನು ಅಲ್ಲವೆನ್ನುವುದಿಲ್ಲ. ಆ ಕಷ್ಟವನ್ನು ಯಾರ ಹೆಗಲಿಗೆ ದಾಟಿಸುತ್ತಿದ್ದಾರೆ ಎಂಬುದೇ ನನ್ನ ಪ್ರಶ್ನೆ.

ವರ್ತಕರು ಇಲ್ಲಿದ್ದೀರಿ, ಲೆಕ್ಕ ಹಾಕೋಣ. ಐದು ಕಿಲೋಮೀಟರಿಗೆ 60 ರೂಪಾಯಿ ಬಾಡಿಗೆ, ಕಂಪನಿಗೆ ಐದರಲ್ಲಿ ಒಂದು ಪಾಲು, ಅಂದರೆ 12 ರೂಪಾಯಿ ಎಂದಿಟ್ಟುಕೊಳ್ಳಿ. ಗಿರಾಕಿಯ ಬಳಿಗೆ ಹೋಗಲು ಎರಡು ಕಿಲೋಮೀಟರು, ಬಿಟ್ಟು ಖಾಲಿ ಬರಲು ಐದು. ಒಟ್ಟು ಹನ್ನೆರಡು. ಕಾಲು ಲೀಟರು ಪೆಟ್ರೋಲಿಗೆ 25 ರೂಪಾಯಿಗೂ ಮೇಲು. ಉಳಿದ 22-23 ರೂಪಾಯಿಯಲ್ಲಿ ಕಂತು, ಟೈರು, ಆಯಿಲ್, ವಿಮೆ, ಊಟ. ಬಿಸಿಲು, ಮಳೆ, ಸೊಂಟನೋವು ಯಾವ ಪುಸ್ತಕದಲ್ಲೂ ಖರ್ಚೆಂದು ಬೀಳುವುದಿಲ್ಲ.

ಇತ್ತ ಕಂಪನಿಗೆ ಸಿಕ್ಕ ಹನ್ನೆರಡು ರೂಪಾಯಿಯಲ್ಲೇ ಜಾಹೀರಾತು, ರಿಯಾಯಿತಿ, ಸಿಬ್ಬಂದಿ. ಲಕ್ಷಾಂತರ ಸವಾರಿ ನಡೆದರಷ್ಟೇ ಗಿಟ್ಟುತ್ತದೆ. ಬೆಂಗಳೂರಿನಲ್ಲಿ ಅದು ಸಾಧ್ಯ. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಮನೆಮನೆಗೂ ಸ್ವಂತ ಬೈಕಿದೆ, ಬಸ್ ನಿಲ್ದಾಣದೆದುರು ಆಟೋ ಕಾದಿದೆ, ಹಳ್ಳಿಗೆ ಬಿಟ್ಟವನಿಗೆ ವಾಪಸು ಗಿರಾಕಿಯಿಲ್ಲ. ಹಾಗಾಗಿ ಕಮಿಷನ್ ಒಂದನ್ನೇ ನಂಬಿದ ಕಂಪನಿಗೆ ಇಲ್ಲಿ ಬದುಕುವುದು ಕಷ್ಟ.

ಅವರು ಕಂಡುಕೊಂಡ ಹೊಸ ದಾರಿ ದಿನಗಂದಾಯ. ಆಟೋಗಳಲ್ಲಿ ಇದು ಮೊದಲೇ ಬಂದಿದೆ. ಕಮಿಷನ್ ಇಲ್ಲ, ದಿನಕ್ಕಿಷ್ಟು ಕಟ್ಟಿದರೆ ಸಾಕು. ಕೇಳಲು ಚೆನ್ನ, ಸವಾರಿ ಹೆಚ್ಚು ಸಿಕ್ಕವನಿಗೆ ಲಾಭವೂ ಹೌದು. ಆದರೆ ಸಂತೆಯಿಲ್ಲದ ದಿನ, ಮಳೆಯ ದಿನ, ಮೂರೇ ಸವಾರಿ ಸಿಕ್ಕವನೂ ಅಷ್ಟೇ ಕಟ್ಟಬೇಕು. ಕಂಪನಿಯ ವರಮಾನ ನಿಶ್ಚಿತವಾಯಿತು, ಅನಿಶ್ಚಯವೆಲ್ಲ ದುಡಿಯುವವನದಾಯಿತು. ಗೇಣಿಯ ಕಾಲ ಕಂಡ ಹಿರಿಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನೋಡಿ. ರೇಷ್ಮೆಗೂಡಿನ ವ್ಯಾಪಾರಕ್ಕೆ 1959ರಲ್ಲೇ ಕಾಯಿದೆಯಾಯಿತು. ತೂಕ ಕಣ್ಣೆದುರಿಗೆ, ಹರಾಜಿನ ಬೆಲೆ ರೈತನಿಗೂ ರೀಲರಿಗೂ ಗೊತ್ತು. ಚಿಂತಾಮಣಿಯ ಮಂಡಿಯಲ್ಲೂ ದಲ್ಲಾಳಿ ಕಮಿಷನ್ನನ್ನು ರೈತನ ಪಟ್ಟಿಯಲ್ಲಿ ಹಿಡಿಯಕೂಡದೆಂದು ಕಾನೂನಿದೆ. (ಅದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ಇನ್ನೊಂದು ದಿನ ಮಾತಾಡೋಣ.) ಮೊಬೈಲಿನೊಳಗಿನ ದಲ್ಲಾಳಿಗೂ ಅಂಥ ಕಟ್ಟುಪಾಡು ಬೇಡವೇ?

ಸರ್ಕಾರದ ನಡೆಯೂ ತೂಗುಯ್ಯಾಲೆಯಾಗಿದೆ. 2021ರಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು, 2024ರ ಮಾರ್ಚಿನಲ್ಲಿ ಹಿಂತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ನಿಯಮವಿಲ್ಲದೆ ಓಡಿಸಕೂಡದೆಂದಿತು. 2026ರ ಜನವರಿಯಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಮಾಡಿ, ಬೈಕಿನ ಮಾಲೀಕರು ಪರ್ಮಿಟ್ಟಿಗೆ ಅರ್ಜಿ ಹಾಕಬಹುದೆಂದಿತು.

ಆಟೋ ಚಾಲಕರ ಕೋಪ ನ್ಯಾಯವಾದದ್ದೇ. ಅವರು ಪರ್ಮಿಟ್ಟು, ಮೀಟರು, ವಿಮೆಗೆಲ್ಲ ಹಣ ಕಟ್ಟಿ ನಿಂತಿರುವಾಗ ಬಿಳಿ ಬೋರ್ಡಿನ ಬೈಕು ಗಿರಾಕಿಯನ್ನು ಹತ್ತಿಸಿಕೊಂಡು ಹೋದರೆ ಯಾರಿಗೆ ತಾನೇ ಸಹನೆಯಾದೀತು? ಆದರೆ ಇಬ್ಬರ ಜಗಳದಲ್ಲಿ ದರ ಇಳಿದರೆ ಇಬ್ಬರೂ ಉಪವಾಸ, ಕಂಪನಿಗೆ ಎರಡೂ ಕಡೆಯ ಗಂದಾಯ.

ಗಿಗ್ ಕಾರ್ಮಿಕರಿಗಾಗಿ ರಾಜ್ಯದಲ್ಲಿ 2025ರ ಕಾಯಿದೆ ಬಂದಿದೆ. ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯಿಂದ ಕಲ್ಯಾಣ ಶುಲ್ಕ ವಸೂಲಿಗೆ ಅದರಲ್ಲಿ ಅವಕಾಶವಿದೆ. ದಿನಗಂದಾಯದಲ್ಲಿ ಹಣ ಗಿರಾಕಿಯಿಂದ ನೇರವಾಗಿ ಸವಾರನ ಕೈಗೆ ಬರುತ್ತದೆ. ಆ ನೆಪದಿಂದ ಕಂಪನಿ ಶುಲ್ಕ ತಪ್ಪಿಸಿಕೊಳ್ಳಲು ಬಿಡಬಾರದು. ಗಿರಾಕಿ ಕೊಟ್ಟದ್ದೆಷ್ಟು, ಕಂಪನಿ ಹಿಡಿದದ್ದೆಷ್ಟು ಎಂಬುದು ಪ್ರತಿ ಸವಾರಿಯ ಚೀಟಿಯಲ್ಲಿ ಕಾಣಬೇಕು. ನಿಗದಿಯಾದಷ್ಟು ಸವಾರಿ ಸಿಗದ ದಿನ ಗಂದಾಯ ಮಾಫಿಯಾಗಬೇಕು. ಬೈಕಿಗೂ ಆಟೋಗೂ ಸರ್ಕಾರವೇ ಕನಿಷ್ಠ ದರ ಕಟ್ಟಬೇಕು.

ಕಾರ್ಮಿಕ ಇಲಾಖೆಗೆ ಕೊಡುವ ಮನವಿಯಲ್ಲಿ ಇವನ್ನು ಬರೆದಿದ್ದೇವೆ. ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ಆಟೋದವರೂ ಬೈಕಿನವರೂ ಒಂದೇ ಹಾಳೆಯಲ್ಲಿ ಸಹಿ ಮಾಡಬೇಕೆಂದು ಕೋರುತ್ತೇನೆ.