ಕಾಣದ ಕಥೆಗಾರನಿಗಾಗಿ ಕಣ್ಣೀರು

ನಂಟರಿಷ್ಟರು ತೀರಿಕೊಂಡಾಗ ಅಳುತ್ತೇವೆ. ಏಕೆ ಅಳುವಿರೆಂದು ಯಾರೂ ಕೇಳುವುದಿಲ್ಲ. ಆದರೆ ಒಮ್ಮೆಯೂ ಮುಖ ನೋಡದ, ಒಂದು ಮಾತನ್ನೂ ಆಡದ ಲೇಖಕನೊಬ್ಬ ಕಾಲವಾದನೆಂದು ಓದುಗನು ಕಣ್ಣೊರೆಸಿಕೊಂಡರೆ ನೆರೆಯವರು ನಗುವುದುಂಟು. ‘ಮುಂದಿನ ಪುಸ್ತಕ ತಪ್ಪಿತಲ್ಲ ಎಂಬ ಸ್ವಾರ್ಥವಷ್ಟೆ’ ಎನ್ನುವವರೂ ಉಂಟು. ಈ ದುಃಖ ನಿಜವಾದದ್ದೆ? ಇಂಗ್ಲೆಂಡಿನ ಕಥೆಗಾರರೊಬ್ಬರ ಮರಣಾನಂತರ ನಡೆದ ಸಂಗತಿಗಳು ಇದಕ್ಕೆ ಉತ್ತರ ಹೇಳುವಂತಿವೆ.

ಟೆರಿ ಪ್ರಾಚೆಟ್ಟರು ಹುಟ್ಟಿದ್ದು 1948ರಲ್ಲಿ. ಮೊದಲು ಪತ್ರಿಕಾ ವರದಿಗಾರರು. ಬಳಿಕ ವಿದ್ಯುತ್ ಮಂಡಲಿಯಲ್ಲಿ ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಅಧಿಕಾರಿ. 1983ರಲ್ಲಿ ಅವರ ‘ದಿ ಕಲರ್ ಆಫ್ ಮ್ಯಾಜಿಕ್’ ಹೊರಬಂತು. ಅದರ ಲೋಕ ತಟ್ಟೆಯಂತೆ ಚಪ್ಪಟೆ. ನಾಲ್ಕು ಆನೆಗಳು ಅದನ್ನು ಹೊತ್ತಿವೆ. ಆನೆಗಳು ನಿಂತಿರುವುದು ಮಹಾ ಆಮೆಯೊಂದರ ಬೆನ್ನ ಮೇಲೆ. ದಿಗ್ಗಜಗಳನ್ನೂ ಕೂರ್ಮವನ್ನೂ ಬಲ್ಲ ನಮಗೆ ಇದೇನೂ ಅಪರಿಚಿತವಲ್ಲ. ಈ ‘ಡಿಸ್ಕ್‌ವರ್ಲ್ಡ್’ ಮಾಲೆಯಲ್ಲಿ 41 ಕಾದಂಬರಿಗಳಾದವು. ನಗಿಸುತ್ತ ನಗಿಸುತ್ತಲೇ ಮನುಷ್ಯನ ದುರಾಸೆಯನ್ನೂ ಅನ್ಯಾಯವನ್ನೂ ಎತ್ತಿ ತೋರುವುದು ಅವರ ರೀತಿ.

ಆ ಲೋಕದಲ್ಲಿ ಮೃತ್ಯುವೂ ಒಂದು ಪಾತ್ರ. ಎಲುಬಿನ ಮೈ, ಕರಿಯ ನಿಲುವಂಗಿ, ಆದರೆ ಕ್ರೂರಿಯಲ್ಲ. ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುವವನು. ಮನುಷ್ಯರ ವಿಷಯದಲ್ಲಿ ಕುತೂಹಲ, ಬೆಕ್ಕುಗಳೆಂದರೆ ಪ್ರೀತಿ. ಅವನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಅಚ್ಚಾಗುತ್ತದೆ. ಸಾವು ಸಮೀಪಿಸಿದ್ದ ಓದುಗರು, ತಮ್ಮನ್ನು ಕರೆದೊಯ್ಯಲು ಬರುವವನು ನಿಮ್ಮ ಕಥೆಯ ಮೃತ್ಯುವಿನಂತೆಯೇ ಇರಲಿ ಎಂದು ಪ್ರಾಚೆಟ್ಟರಿಗೆ ಪತ್ರ ಬರೆದದ್ದುಂಟು.

2007ರಲ್ಲಿ ಅವರಿಗೇ ಆಲ್‌ಝೈಮರ್ ರೋಗದ ಅಪರೂಪದ ಒಂದು ಬಗೆ ತಗುಲಿರುವುದು ತಿಳಿದುಬಂತು. ಅದನ್ನು ಮುಚ್ಚಿಡದೆ ಲೋಕಕ್ಕೆ ಸಾರಿದರು. ಸಂಶೋಧನೆಗೆ ಹತ್ತು ಲಕ್ಷ ಡಾಲರ್ ನೀಡಿದರು. ಕೈ ಸಾಗದಾದಾಗ ಬಾಯಲ್ಲಿ ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು, 66ನೆಯ ವಯಸ್ಸಿನಲ್ಲಿ, ಮನೆಯವರ ನಡುವೆ ಕಣ್ಣುಮುಚ್ಚಿದರು. ಹಾಸಿಗೆಯ ಮೇಲೆ ಅವರ ಬೆಕ್ಕು ಮಲಗಿತ್ತು. ಅವರ ಟ್ವಿಟರ್ ಖಾತೆಯಲ್ಲಿ ಬಂದ ವಾರ್ತೆಯ ಮೊದಲ ಸಾಲು ದೊಡ್ಡಕ್ಷರಗಳಲ್ಲಿತ್ತು. ಮಾತನಾಡಿದವನು ಯಾರೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಓದುಗರ ಶೋಕ ಹಲವು ರೂಪ ತಾಳಿತು. ಸಾವಿರಾರು ಮಂದಿ ಒಂದು ಅರ್ಜಿಗೆ ಸಹಿ ಹಾಕಿದರು. ಅರ್ಜಿ ಯಾರಿಗೆ? ಮೃತ್ಯುವಿಗೆ! ಪ್ರಾಚೆಟ್ಟರನ್ನು ಹಿಂದಕ್ಕೆ ಕೊಡೆಂದು ಬೇಡಿಕೆ. ನಗುತ್ತಲೇ ಅಳುವುದನ್ನು ಅವರೇ ಅಲ್ಲವೆ ಕಲಿಸಿದ್ದು!

ಇನ್ನೊಂದು ರೂಪ ಇದಕ್ಕಿಂತ ಮನಮುಟ್ಟುವಂಥದು. 2004ರ ‘ಗೋಯಿಂಗ್ ಪೋಸ್ಟಲ್’ ಕಾದಂಬರಿಯಲ್ಲಿ ಎತ್ತರದ ಗೋಪುರಗಳ ಸಾಲು ಬರುತ್ತದೆ. ಗೋಪುರದಿಂದ ಗೋಪುರಕ್ಕೆ ಸಂಜ್ಞೆಗಳ ಮೂಲಕ ಸುದ್ದಿ ಹಾರುತ್ತದೆ; 1794ರಲ್ಲಿ ಫ್ರಾನ್ಸಿನ ಕ್ಲೋದ್ ಶಾಪ್ ಪ್ಯಾರಿಸ್ ಮತ್ತು ಲಿಲ್ ನಗರಗಳ ನಡುವೆ ಸುದ್ದಿ ಸಾಗಿಸಿದ ಏರ್ಪಾಡೂ ಇಂಥದೇ. ಗೋಪುರದ ಕೆಲಸಗಾರನೊಬ್ಬ ಸತ್ತರೆ, ಒಡನಾಡಿಗಳು ಅವನ ಹೆಸರಿನ ಮುಂದೆ ಮೂರು ಅಕ್ಷರಗಳ ಸಂಕೇತವಿಟ್ಟು ಕಳುಹಿಸುತ್ತಾರೆ: ಮುಂದಕ್ಕೆ ಸಾಗಿಸು, ದಾಖಲೆ ಮಾಡಬೇಡ, ಕೊನೆ ಮುಟ್ಟಿದರೆ ಹಿಂದಿರುಗಿಸು. ಹೆಸರು ಹೀಗೆ ಓಡಾಡುತ್ತಿರುವವರೆಗೆ ಮನುಷ್ಯ ಪೂರ್ತಿ ಸತ್ತಂತಲ್ಲವೆಂದು ಅವರ ನಂಬಿಕೆ. ಪ್ರಾಚೆಟ್ಟರು ತೀರಿಕೊಂಡ ಮೇಲೆ, ಜಾಲತಾಣಗಳನ್ನು ನಡೆಸುವ ಓದುಗರು ಇದನ್ನೇ ಮಾಡಿದರು. ತಮ್ಮ ಯಂತ್ರಗಳು ಕಳುಹಿಸುವ ಪ್ರತಿಯೊಂದು ಉತ್ತರದ ತಲೆಭಾಗದಲ್ಲಿ, ನೋಡುವವರ ಕಣ್ಣಿಗೆ ಬೀಳದ ಎಡೆಯಲ್ಲಿ, ಆ ಸಂಕೇತವನ್ನೂ ಪ್ರಾಚೆಟ್ಟರ ಹೆಸರನ್ನೂ ಸೇರಿಸಿದರು.

ಕೊನೆಯ ಕಾದಂಬರಿ ‘ದಿ ಶೆಫರ್ಡ್ಸ್ ಕ್ರೌನ್’ ಬೆಳಕು ಕಂಡಿದ್ದು ಅದೇ ವರ್ಷ ಆಗಸ್ಟಿನಲ್ಲಿ. ಅದರ ಮೊದಲಲ್ಲೇ ಗ್ರ್ಯಾನಿ ವೆದರ್‌ವ್ಯಾಕ್ಸ್ ಎಂಬ ಮುದುಕಿ ಮನೆಯನ್ನು ಗುಡಿಸಿ ಒಪ್ಪಮಾಡಿ, ತಾನೇ ಅಣಿಯಾಗಿ, ಮೃತ್ಯುವನ್ನು ಬರಮಾಡಿಕೊಳ್ಳುತ್ತಾಳೆ. ಅದನ್ನು ಕೊಂಡು, ಓದದೆ ಎತ್ತಿಟ್ಟವರೂ ಇದ್ದಾರೆ. ಓದಿಬಿಟ್ಟರೆ ಮುಗಿಯಿತಲ್ಲ ಎಂದು! ಅರ್ಧಕ್ಕೆ ನಿಂತ ಬರಹಗಳ ಕಥೆಯೇ ಬೇರೆ. ಅವುಗಳಿದ್ದ ಕಂಪ್ಯೂಟರಿನ ಡಿಸ್ಕನ್ನು, ಅವರ ಇಚ್ಛೆಯಂತೆ, 2017ರಲ್ಲಿ ಹಳೆಯ ಉಗಿ ರೋಡ್ ರೋಲರಿನಡಿ ಹಾಕಿದರು. ಅದಕ್ಕೂ ಪುಡಿಯಾಗದೆ, ಕಲ್ಲು ಒಡೆಯುವ ಯಂತ್ರಕ್ಕೆ ಕೊಡಬೇಕಾಯಿತು.

ಹೊಸ ಪುಸ್ತಕದ ಆಸೆ ಅಲ್ಲಿಗೆ ತೀರಿತು. ದುಃಖ ಬರಿಯ ಸ್ವಾರ್ಥವಾಗಿದ್ದರೆ ಅದೂ ಅಲ್ಲಿಗೇ ತೀರಬೇಕಿತ್ತು. ಹೆಸರನ್ನು ಸಾಗಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. ಇನ್ನೇನೂ ಬರುವುದಿಲ್ಲವೆಂದು ತಿಳಿದೂ ನೆನೆಯುವುದು ಋಣದ ಮಾತು. ನೋವಿನ ದಿನಗಳಲ್ಲಿ ನಗಿಸಿದವನು, ಸಾವಿನ ಭಯವನ್ನು ತುಸು ಇಳಿಸಿದವನು, ಮುಖ ನೋಡಿರದಿದ್ದರೂ ನಂಟನೇ. ಅವನಿಗಾಗಿ ಅಳುವ ಓದುಗನನ್ನು ಕಂಡು ನಗಬೇಕಾದದ್ದೇನೂ ಇಲ್ಲ.