ಔಷಧದ ಬೆಲೆಯನ್ನು ಅಳೆಯುವ ಬಗೆ

(ಬಸವನಗುಡಿಯಲ್ಲಿ ಮಾಡಿದ ಉಪನ್ಯಾಸ)

 

ನಾವು ಇಂದು ನೆರೆದಿರುವ ಈ ಬಸವನಗುಡಿಯು ರೋಗಭಯದ ಕಾಲದಲ್ಲಿ ಬೆಳೆದುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ, ಇಕ್ಕಟ್ಟಾದ ಪೇಟೆಗಳನ್ನು ತೊರೆದ ಜನರಿಗೆ ಗಾಳಿಬೆಳಕುಗಳನ್ನು ಒದಗಿಸಿದ ಬಡಾವಣೆಗಳಲ್ಲಿ ಇದೂ ಒಂದು. ಆದುದರಿಂದ ಆರೋಗ್ಯದ ಮಾತನ್ನು ಇಲ್ಲಿ ಆಡುವುದು ಅಸಂಗತವಾಗದೆಂದು ನಂಬಿದ್ದೇನೆ.

ಮನೆಯಲ್ಲೊಬ್ಬರಿಗೆ ದೀರ್ಘವ್ಯಾಧಿಯು ತಗುಲಿದರೆ ನಾವು ಒಡವೆಯನ್ನು ಒತ್ತೆಯಿಡುತ್ತೇವೆ, ಹೊಲವನ್ನು ಮಾರುತ್ತೇವೆ. ಯಾರು ಯಾವ ಔಷಧವನ್ನು ಹೇಳಿದರೂ ತರುತ್ತೇವೆ. ರೋಗಿಯು ಎದ್ದು ಕುಳಿತರೆ, ಆ ಔಷಧವೇ ಬದುಕಿಸಿತೆನ್ನುತ್ತೇವೆ. ಈ ಮಾತು ನಿಜವೇ ಎಂಬುದನ್ನು ತಿಳಿಯುವುದು ಹೇಗೆ?

ಇದಕ್ಕೆ ಉತ್ತರವು ನಮ್ಮ ನೆರೆಯಲ್ಲಿಯೇ ದೊರೆತಿರುವುದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅದರ ಕಾರ್ಯಕರ್ತರು 1961ರಿಂದ 1968ರ ವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಸಂಚರಿಸಿ, ಐದು ವರ್ಷಗಳ ಅಂತರದೊಳಗೆ ಜನರನ್ನು ನಾಲ್ಕು ಸಲ ಪರೀಕ್ಷಿಸಿದರು. ಕ್ಷಯಚಿಕಿತ್ಸೆಯ ವ್ಯವಸ್ಥಿತವಾದ ಏರ್ಪಾಡು ಆ ಹಳ್ಳಿಗಳಿಗೆ ಆಗ ಇನ್ನೂ ತಲಪಿರಲಿಲ್ಲ. ಕಫದಲ್ಲಿ ರೋಗಾಣುಗಳು ಕಂಡುಬಂದಿದ್ದವರಲ್ಲಿ, ಐದು ವರ್ಷಗಳೊಳಗೆ ನೂರಕ್ಕೆ ಸುಮಾರು 49 ಮಂದಿ ತೀರಿಕೊಂಡರು. ಸುಮಾರು 18 ಮಂದಿ ರೋಗಿಗಳಾಗಿಯೇ ಉಳಿದರು. ಸುಮಾರು 32 ಮಂದಿಯ ಕಫದಲ್ಲಿ ರೋಗಾಣುಗಳು ಕಾಣದಾದುವು.

ಇದನ್ನು ಚೆನ್ನಾಗಿ ಯೋಚಿಸಿರಿ. ಅರ್ಧದಷ್ಟು ಜನರನ್ನು ಬಲಿತೆಗೆದುಕೊಂಡ ಮಾರಿಯಿದು; ಆದರೂ ಮೂವರಲ್ಲಿ ಒಬ್ಬರು ಗುಣಹೊಂದಿದರು. ಅಂತಹವರಿಗೆ ಯಾರಾದರೂ ಬರಿಯ ಸಕ್ಕರೆಯ ಪುಡಿಯನ್ನು ಕೊಟ್ಟಿದ್ದರೆ ಕೀರ್ತಿಯೆಲ್ಲ ಸಕ್ಕರೆಗೇ ಸಲ್ಲುತ್ತಿದ್ದಿತು. ತೀರಿಕೊಂಡವರು ಬಂದು ಸಾಕ್ಷಿ ನುಡಿಯುವುದಿಲ್ಲವಷ್ಟೆ! ಆದಕಾರಣ ಗುಣವಾದವರನ್ನು ಮಾತ್ರ ನೋಡಿ ಔಷಧದ ಬೆಲೆಯನ್ನು ಕಟ್ಟಲಾಗದು, ಹೋಲಿಕೆಯು ಬೇಕು.

ಅಂತಹ ಹೋಲಿಕೆಯೊಂದು ಇದಕ್ಕೂ ಮೊದಲೇ, 1956ರಲ್ಲಿ, ಮದರಾಸಿನಲ್ಲಿ ಆರಂಭವಾಗಿದ್ದಿತು. ಕ್ಷಯರೋಗಿಗೆ ಆರೋಗ್ಯಧಾಮದ ಹಾಸಿಗೆ, ಪುಷ್ಟಿಯಾದ ಆಹಾರ, ವಿಶ್ರಾಂತಿ ಇವಿಲ್ಲದೆ ಗತಿಯಿಲ್ಲವೆಂದು ಆಗಿನ ನಂಬಿಕೆ. ಅಲ್ಲಿಯ ವೈದ್ಯರು 193 ಮಂದಿ ಬಡರೋಗಿಗಳನ್ನು, ಚೀಟಿಯೆತ್ತುವಂತಹ ಕ್ರಮದಿಂದ, ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಆರೋಗ್ಯಧಾಮದಲ್ಲಿದ್ದರು. ಇನ್ನೊಂದು ಗುಂಪಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ ಇದ್ದರು. ಇಬ್ಬರಿಗೂ ಒಂದು ವರ್ಷ ಅವೇ ಔಷಧಗಳು. ಐದು ವರ್ಷಗಳ ಮೇಲೆ ನೋಡಲಾಗಿ, ಎರಡು ಗುಂಪುಗಳಲ್ಲಿಯೂ ನೂರಕ್ಕೆ ಸುಮಾರು 90 ಮಂದಿಯ ರೋಗವು ಅಡಗಿದ್ದಿತು. ಮನೆಯಲ್ಲಿದ್ದವರಿಂದ ಮನೆಯವರಿಗೆ ರೋಗವು ಹೆಚ್ಚಾಗಿ ಹರಡಿದುದೂ ಕಂಡುಬರಲಿಲ್ಲ. ಗುಣವು ಹಾಸಿಗೆಯಿಂದಲ್ಲ, ತಪ್ಪದೆ ಸೇವಿಸಿದ ಔಷಧದಿಂದ ಎಂಬುದು ಸಿದ್ಧವಾಯಿತು. ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ದೂರವಿರಬೇಕಾಗಿದ್ದ ಎಷ್ಟೋ ತಾಯಂದಿರಿಗೆ ಇದರಿಂದ ಮನೆಯು ಉಳಿಯಿತು.

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧವು ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಆದರೆ ಕೆಲವು ವಾರಗಳಲ್ಲಿ ಜ್ವರವು ಇಳಿದೊಡನೆ ಅದನ್ನು ಬಿಡುವವರುಂಟು. ಬಿಟ್ಟವರಲ್ಲಿ ರೋಗವು ಮರಳಬಹುದು. ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫವನ್ನು ಪರೀಕ್ಷೆ ಮಾಡಿಸಿರಿ. ಹಿಡಿದ ಚಿಕಿತ್ಸೆಯನ್ನು ಕಡೆಮುಟ್ಟಿಸಿರಿ.

ಔಷಧಕ್ಕಾಗಿ ಒಡವೆಯನ್ನು ಒತ್ತೆಯಿಡುವ ಮೊದಲು, ಚಿಕಿತ್ಸಾಲಯಕ್ಕೆ ದಾನವನ್ನು ಕೊಡುವ ಮೊದಲು, ಒಂದು ಪ್ರಶ್ನೆಯನ್ನು ಕೇಳಿರಿ: ಇದನ್ನು ಪಡೆದವರಿಗೂ ಪಡೆಯದವರಿಗೂ ಏನು ಅಂತರವು ಕಂಡುಬಂದಿದೆ? ಹೀಗೆ ಕೇಳುವುದು ಅಶ್ರದ್ಧೆಯಲ್ಲ. ರೋಗಿಯ ಮೇಲಿನ ಕರುಣೆಯೇ ಆಗಿದೆ.